ಲೆನ್ಸ್ ಬಿಚ್ಚಿಟ್ಟು ಮಾಡಿದ ಪೂಜೆ

ಎರಡು ವರ್ಷದ ಹಿಂದೆ, ಆಯುಧಪೂಜೆ ಮುಗಿದ ವಾರದಲ್ಲಿ ನಡೆದದ್ದು ಇದು. ಆಗ ನಾನು ಚಿತ್ರದುರ್ಗದಲ್ಲಿ ಕ್ಯಾಮೆರಾ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಕಣ್ಣು ಮಂಜಾದ ಮೇಲೆ ಮುಚ್ಚಿದೆ. ಗಿರಾಕಿಗಳ ಮೇಲೆ ಸಿಟ್ಟು ಬರುವುದು ನನಗೆ ಹೊಸದಲ್ಲ. ಆದರೆ ಆ ದಿನದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಹಿರಿಯೂರಿನ ಸ್ಟುಡಿಯೋ ಮಾಲೀಕ ತಿಪ್ಪೇಸ್ವಾಮಿ ತಮ್ಮ ಹೊಸ ಮಿರರ್‌ಲೆಸ್ ಕ್ಯಾಮೆರಾ ತಂದು ಮೇಜಿನ ಮೇಲಿಟ್ಟರು. ಅವರ ಬೆನ್ನ ಹಿಂದೆ, ಅವರಲ್ಲಿ ಫೋಟೋ ತೆಗೆಯುತ್ತಿದ್ದ ಆದಿವಾಲದ ರೇಣುಕಾ ನಿಂತಿದ್ದಳು, ಅತ್ತು ಕಣ್ಣು ಕೆಂಪಾಗಿತ್ತು. ಮಾರಿಕಣಿವೆ ಅಣೆಕಟ್ಟಿನ ಬಳಿ ಮದುವೆಗೆ ಮುಂಚಿನ ಜೋಡಿ ಫೋಟೋ ತೆಗೆದಿದ್ದಳಂತೆ. ಎಲ್ಲದರಲ್ಲೂ ನಟ್ಟನಡುವೆ ಮಬ್ಬು ಕಲೆ. ಸುಡುಬಿಸಿಲಿನಲ್ಲಿ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅದು ಕಂಡಿರಲಿಲ್ಲ. ಹೆಣ್ಣಿನ ಕಡೆಯವರು ಸ್ಟುಡಿಯೋಗೇ ಬಂದು ಬಾಯಿಗೆ ಬಂದಂತೆ ಬೈದು ಹೋಗಿದ್ದರು.

"ಗಾಳ್ಯಾಗೆ ಲೆನ್ಸ್ ಬಿಚ್ಚಿ ಧೂಳು ತುಂಬ್ಸ್ಯಾಳೆ ಸಾರ್. ಸಣ್ಣ ಡಬ್ಬಿ ಕ್ಯಾಮೆರಾ ಹಿಡ್ಕಂಡು ಬಂದೋಳು, ಇವಳಿಗೇನ್ ಗೊತ್ತಾಗ್ತೈತೆ? ಹೊಸದುರ್ಗ, ಹೊಳಲ್ಕೆರೆ ಸ್ಟುಡಿಯೋದೋರಿಗೆಲ್ಲ ಹೇಳೀನಿ, ಇವಳನ್ನ ಸೇರಿಸ್ಕಬ್ಯಾಡ್ರಿ ಅಂತ. ನೀವೂ ನಿಮ್ಮಲ್ಲಿಗೆ ಬರೋರಿಗೆ ಒಂದು ಮಾತು ಹೇಳಿಬಿಡ್ರಿ," ಎಂದರು ತಿಪ್ಪೇಸ್ವಾಮಿ.

"ಅವತ್ತು ನಾನು ಲೆನ್ಸ್ ಬಿಚ್ಚೇ ಇಲ್ಲ ಸಾರ್," ಎಂದಳು ರೇಣುಕಾ. "ಇವರು ಕೆಲಸದಿಂದ ತೆಗೆದ್ರು, ಈಗ ಬ್ಯಾರೆ ಯಾರೂ ಕರೀತಿಲ್ಲ."

ಅವರು ಹೀಗಳೆದ ಆ ಡಬ್ಬಿ ಕ್ಯಾಮೆರಾ, ಅಂದರೆ ಕಾಂಪ್ಯಾಕ್ಟ್, ಧೂಳಿನ ವಿಷಯದಲ್ಲಿ ಬಲು ಭದ್ರ. ಅದರ ಲೆನ್ಸ್ ಬಾಡಿಗೇ ಕೂಡಿಕೊಂಡಿರುತ್ತದೆ, ಬಿಚ್ಚಲು ಬರುವುದಿಲ್ಲ. ಲೆನ್ಸ್ ಬದಲಿಸುವ ಹಳೆಯ ಡಿಎಸ್ಎಲ್ಆರ್‌ನಲ್ಲಿ, ಚಿತ್ರ ಮೂಡುವ ಸೆನ್ಸರ್ ಮುಂದೆ ಒಂದು ಕನ್ನಡಿ, ಅದರ ಹಿಂದೆ ಶಟರ್ ಎಂಬ ಮುಚ್ಚಳ ಅಡ್ಡ ನಿಂತಿರುತ್ತವೆ. ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯೇ ಇಲ್ಲ. ಇವರದ್ದರಂಥ ಮಾಡೆಲ್‌ಗಳಲ್ಲಿ ಶಟರೂ ತೆರೆದೇ ಇರುತ್ತದೆ. ಲೆನ್ಸ್ ತೆಗೆದರೆ ಸೆನ್ಸರ್ ಬೆರಳಿಗೇ ಸಿಗುತ್ತದೆ.

ಲೆನ್ಸ್ ತಿರುಗಿಸಿ ತೆಗೆದು, ದೀಪ ಹಿಡಿದು ನೋಡಿದೆ. ಅದು ಧೂಳಲ್ಲ! ಸೆನ್ಸರ್ ಗಾಜಿನ ಮೇಲೆ ಒರೆಸಿದ ಮಸುಕು, ಅಂಚಿನಲ್ಲಿ ಬಿಳಿ ವಿಭೂತಿ, ಸಂದಿಯಲ್ಲಿ ಕುಂಕುಮ.

"ತಿಪ್ಪೇಸ್ವಾಮೇರೇ, ಪೂಜೆ ಯಾರು ಮಾಡಿದ್ದು?"

"ನಾನೇ. ಲೆನ್ಸು, ಬಾಡಿ ಬ್ಯಾರೆ ಬ್ಯಾರೆ ಇಟ್ಟು ಎರಡಕ್ಕೂ ವಿಭೂತಿ ಹಚ್ಚಿ ಬೊಟ್ಟು ಇಡ್ತೀನಿ. ಆಮ್ಯಾಲೆ ಪಂಚ್ಯಾಗೆ ಒರೆಸ್ತೀನಿ. ವರ್ಷಾ ವರ್ಷಾ ಹಿಂಗೇ ಮಾಡ್ಕಂತ ಬಂದೀನಿ, ಹಳೇ ಕ್ಯಾಮೆರಾಕ್ಕೆ ಏನೂ ಆಗಿಲ್ಲ."

"ಹಳೇದಕ್ಕೆ ಕನ್ನಡಿ ಅಡ್ಡ ಇತ್ತು, ನಿಮ್ಮ ಬೊಟ್ಟು ಅದರ ಮ್ಯಾಲೆ ಬೀಳ್ತಿತ್ತು, ಫೋಟೋದಾಗೆ ಬರ್ತಿರ್ಲಿಲ್ಲ. ಇದರಾಗೆ ಸೀದಾ ಸೆನ್ಸರ್‌ಗೇ ಇಟ್ಟೀರಿ. ನೋಡ್ರಿ ಇಲ್ಲಿ!"

ಬಗ್ಗಿ ನೋಡಿದ ಆ ಮನುಷ್ಯ ತಪ್ಪಾಯಿತು ಎನ್ನಲಿಲ್ಲ. ಆಕೆಯ ಕಡೆ ತಿರುಗಿಯೂ ನೋಡಲಿಲ್ಲ. ದನಿ ತಗ್ಗಿಸಿ, "ಕ್ಲೀನ್ ಮಾಡಿಕೊಡ್ರಿ ಸಾರ್. ಹೊರಗೆ ಮಾತ್ರ ಹೇಳಬ್ಯಾಡ್ರಿ, ಮರ್ಯಾದೆ ಹೋಗ್ತೈತೆ," ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಪೂಜೆಯ ಮೇಲೆ ನನಗೇನೂ ಸಿಟ್ಟಿಲ್ಲ, ನನ್ನ ಸ್ಕ್ರೂಡ್ರೈವರ್‌ಗಳಿಗೂ ನಾನು ಕುಂಕುಮ ಇಡುತ್ತೇನೆ. ಆದರೆ ಅತ್ತೆ ಒಡೆದರೆ ಒಡಕು ಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಎನ್ನುವ ಈ ನ್ಯಾಯ ಎಲ್ಲಿಯದು? ಮರ್ಯಾದೆ ಮಾಲೀಕನಿಗೆ ಮಾತ್ರ ಇರುವುದೇ? ಕ್ಯಾಮೆರಾವನ್ನು ಅವರ ಕೈಗೇ ತಳ್ಳಿದೆ.

"ಮೊದಲು ಫೋನ್ ಹಚ್ರಿ. ಯಾರ‍್ಯಾರಿಗೆ ಈ ಹುಡುಗಿ ಮ್ಯಾಲೆ ಹೇಳೀರೋ ಅವರಿಗೆಲ್ಲ ನಿಜ ಹೇಳ್ರಿ. ಅಲ್ಲೀತನಕ ನಾನು ಇದನ್ನ ಮುಟ್ಟಲ್ಲ."

ಗೊಣಗುತ್ತಲೇ ಹೊಸದುರ್ಗದ ಸ್ಟುಡಿಯೋಗೆ ಹಚ್ಚಿದರು. "ಆ ಹುಡುಗಿದು ತಪ್ಪಿಲ್ಲಂತೆ, ಕ್ಯಾಮೆರಾನೇ ಸರಿ ಇಲ್ಲ," ಎಂದರು! ನಾನು ಬಾಯಿ ತೆರೆಯುವಷ್ಟರಲ್ಲಿ ರೇಣುಕಾ ಕೈ ಚಾಚಿ ಫೋನ್ ತೆಗೆದುಕೊಂಡಳು.

"ಅಣ್ಣಾ, ನಾನು ರೇಣುಕಾ. ಕ್ಯಾಮೆರಾ ಸರಿಯಾಗೈತೆ. ನಮ್ಮ ಮಾಲೀಕರು ಒಳಗೆ ಕುಂಕುಮ ಇಟ್ಟು ಒರೆಸಿದ್ರು, ಅದೇ ಕಲೆ. ನಂಬಿಕೆ ಇಲ್ಲ ಅಂದ್ರೆ ರಿಪೇರಿ ಸಾರ್ ಇಲ್ಲೇ ಅವರೆ, ಕೇಳ್ರಿ."

ಫೋನನ್ನು ನನಗೆ ಕೊಟ್ಟಳು. ಹೌದು ಎಂದೆ. ಹೊಳಲ್ಕೆರೆಗೂ ಅವಳೇ ಹಚ್ಚಿಸಿ ಮಾತಾಡಿದಳು. ಅಂಗಡಿಯ ಒಂದೇ ಕುರ್ಚಿಯಲ್ಲಿ ತಿಪ್ಪೇಸ್ವಾಮಿ ಕೂತಿದ್ದರು, ಅವಳು ಅಷ್ಟು ಹೊತ್ತೂ ನಿಂತೇ ಇದ್ದಳು.

ಆಮೇಲೆ ಸೆನ್ಸರ್ ತೊಳೆದುಕೊಟ್ಟೆ. "ನಾಳೆಯಿಂದ ಬಾರಮ್ಮ," ಎಂದರು ಅವರು, ದೊಡ್ಡ ಉಪಕಾರ ಮಾಡುವವರ ಹಾಗೆ. "ಬರಲ್ಲ," ಎಂದು ಹೇಳಿ ಅವಳು ಬಸ್‌ಸ್ಟ್ಯಾಂಡ್ ಕಡೆ ನಡೆದಳು.

ಅಂದಿನಿಂದ ಅಂಗಡಿ ಮುಚ್ಚುವವರೆಗೂ ಒಂದು ಕಟ್ಟಳೆ ಮಾಡಿಕೊಂಡೆ. ಕೆಟ್ಟ ಕ್ಯಾಮೆರಾದ ಜೊತೆ ಕೆಲಸದವರನ್ನೂ ಎಳೆದು ತಂದವರಿಗೆ, ಮೊದಲು ಆ ಕೆಲಸದವರಿಗೆ ಕುರ್ಚಿ ಬಿಟ್ಟುಕೊಡಿ ಎನ್ನುತ್ತಿದ್ದೆ. ಕ್ಯಾಮೆರಾ ಬಿಚ್ಚುವುದು ಆಮೇಲೆ.