ಬಾಣಂತಿಗೆ ತಿಳಿಸದ ಒಂದು ಆದೇಶ

ಕೋವಿಡ್ ಕಳೆದು ಎರಡನೇ ವರ್ಷ. ಮುಂಬಯಿಯ ದಹಿಸರಿನ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಾನು ಸಿಸ್ಟರ್ ಇನ್‌ಚಾರ್ಜ್ ಆಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ಹೆರಿಗೆಯಾಗಿ ಮನೆಗೆ ಹೋದ ತಾಯಿ ಮತ್ತು ಮಗುವನ್ನು ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು ಮತ್ತು ನಲವತ್ತೆರಡನೇ ದಿನ ಮನೆಗೇ ಹೋಗಿ ನೋಡುವುದಕ್ಕೆ ಪೋಸ್ಟ್‌ನೇಟಲ್ ವಿಸಿಟ್ ಎನ್ನುತ್ತಾರೆ. ಆ ಕೆಲಸವೂ ನನ್ನದೇ. ನಾನು ತರಬೇತಿ ಪಡೆದ ಮೈಸೂರಿನ ಹಾಸ್ಟೆಲಿನಲ್ಲಿ ಚಾದರದ ಮಡಿಕೆ ಒಂದು ಬೆರಳು ಆಚೀಚೆಯಾದರೂ ಬಿಚ್ಚಿ ಮತ್ತೆ ಹಾಸಬೇಕಿತ್ತು. ಹೇಳಿದ್ದನ್ನು ಮಾಡು, ಕಾರಣ ಕೇಳಬೇಡ ಎಂಬುದು ಅಲ್ಲಿಯ ಪಾಠ. ಅದನ್ನೇ ನಾನೂ ಎಲ್ಲರಿಗೂ ಕಲಿಸುತ್ತಿದ್ದೆ.

ಮಹಾದೇವಿಗೆ ಇಪ್ಪತ್ತೆರಡು ವರ್ಷ, ವಿಜಯಪುರದ ಕಡೆಯವಳು. ತಾಯಿ ತೀರಿಹೋಗಿದ್ದರಿಂದ ಬಾಣಂತನಕ್ಕೆ ತವರು ಇರಲಿಲ್ಲ. ಗಂಡ ಶರಣಪ್ಪ ಪರೇಲಿನಲ್ಲಿ ಏಳುತ್ತಿದ್ದ ಒಂದು ಟವರಿನಲ್ಲಿ ಟೈಲ್ಸ್ ಕೂರಿಸುತ್ತಿದ್ದ. ದಹಿಸರಿನ ಚಾಳಿನಲ್ಲಿ ಒಂದೇ ಕೋಣೆಯ ಮನೆ. ಹುಟ್ಟಿದ್ದು ಹೆಣ್ಣುಮಗು, ತೂಕ ಎರಡು ಕಿಲೋ ನೂರು ಗ್ರಾಂ. ಎರಡೂವರೆಗಿಂತ ಕಡಿಮೆಯಿದ್ದರೆ ನಮ್ಮ ಲೆಕ್ಕದಲ್ಲಿ ಜೋಪಾನದ ಮಗು.

ಡಿಸ್ಚಾರ್ಜ್ ದಿನ ಶರಣಪ್ಪ ಕೆಮ್ಮುತ್ತಿದ್ದ. ಅಂಗಿಯ ಮೇಲೆಲ್ಲ ಟೈಲ್ಸ್ ಕೊಯ್ದ ಬಿಳಿ ಧೂಳು. ಅವನನ್ನು ಕಾರಿಡಾರಿಗೆ ಕರೆದು ಹೇಳಿದೆ: "ನಲವತ್ತೆರಡು ದಿನ ಆ ಕೋಣೆಯೊಳಗೆ ಕಾಲಿಡಬೇಡ. ಸೈಟಿನಲ್ಲೇ ಮಲಗು. ಮಗುವಿನ ತೂಕ ಕಡಿಮೆ ಅಂತ ಅವಳನ್ನು ಹೆದರಿಸಬೇಡ, ಹಾಲು ಇಂಗಿಹೋಗುತ್ತೆ. ಕೆಲಸ ಜಾಸ್ತಿ ಇದೆ ಅಂತ ಹೇಳು."

"ಆತ್ರಿ ಬಾಯಾರ," ಎಂದ. ಅವರ ಕಡೆ ಟೀಚರು, ನರ್ಸುಗಳನ್ನು ಗೌರವದಿಂದ ಹಾಗೆ ಕರೆಯುತ್ತಾರೆ.

ಅವನು ಅಕ್ಷರಶಃ ಪಾಲಿಸಿದ. ಭಾನುವಾರ ಬಂದು ಗಲ್ಲಿಯಲ್ಲೇ ನಿಂತು, ಸಾಮಾನಿನ ಚೀಲವನ್ನು ಪಕ್ಕದ ಮನೆಯ ಕಾಶೀಬಾಯಿಯ ಕೈಗೆ ಕೊಟ್ಟು ಹೋಗುತ್ತಿದ್ದ. ದಿನಕ್ಕೊಮ್ಮೆ ಫೋನು ಮಾಡಿ, ಕೂಸು ಹಾಲು ಕುಡಿಯಿತೇ ಎಂದು ಕೇಳಿ ಇಟ್ಟುಬಿಡುತ್ತಿದ್ದ. ನಾನು ಹಾಲಿನ ವೇಳೆಯ ಚಾರ್ಟ್ ಬರೆದು ಮಹಾದೇವಿಯ ಗೋಡೆಗೆ ಅಂಟಿಸಿದ್ದೆ. ಅವಳು ಹಾಕುವ ಒಂದು ಗುರುತೂ ತಪ್ಪಿರಲಿಲ್ಲ. ಮಗುವಿನ ತೂಕ ಏರುತ್ತಿತ್ತು. ತಾಯಿಗೆ ಜ್ವರವಿಲ್ಲ, ಹೊಲಿಗೆ ಒಣಗಿದೆ ಎಂದು ಬರೆದುಕೊಂಡು ಬರುತ್ತಿದ್ದೆ. ಅವಳು ಸೊರಗಿದ್ದು ಕಣ್ಣಿಗೆ ಬಿದ್ದಿತ್ತು. ನಿದ್ದೆ ಸಾಲದು ಎಂದುಕೊಂಡೆ.

ಇಪ್ಪತ್ತೊಂದನೇ ದಿನ ಮಗುವನ್ನು ತೂಗುತ್ತಿರುವಾಗ ಅವಳು ಕೇಳಿದಳು: "ಹೆಣ್ಣ ಹುಟ್ಟೇತಂತ ಅವ್ರು ಬರವಲ್ರೇನ್ರಿ, ಬಾಯಾರ?"

"ಹುಚ್ಚುಹುಚ್ಚಾಗಿ ಯೋಚನೆ ಮಾಡಬೇಡ. ಹಾಲಿನ ಹೊತ್ತಾಯಿತು," ಎಂದೆ. ಮುಂದಿನ ಮನೆಗೆ ಹತ್ತು ನಿಮಿಷ ತಡವಾಗಿತ್ತು.

ಇಪ್ಪತ್ತೆಂಟನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋದಾಗ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ತೆರೆದೆ. ಹಾಸಿಗೆ ಸುತ್ತಿಟ್ಟಿತ್ತು. ಅದರ ಮೇಲೆ ಅವಳ ಮೊಬೈಲು. ಚಾರ್ಟಿನಲ್ಲಿ ಎಂಟು ಗಂಟೆಯ ಹಾಲಿಗೆ ಗುರುತಿತ್ತು, ಹತ್ತು ಗಂಟೆಯದಕ್ಕೆ ಇರಲಿಲ್ಲ.

ಕಾಶೀಬಾಯಿ ಸೆರಗಿಗೆ ಕೈ ಒರೆಸುತ್ತ ಬಂದಳು. "ಎಂಟೂವರಿಗೇ ಹಸಿರ ಸೀರಿ ಉಟ್ಕೊಂಡು ಹ್ವಾದ್ಲರಿ ಸಿಸ್ಟರ್. ಕೂಸಿನ್ನ ಅದರಪ್ಪಗ ಒಪ್ಪಿಸಿಬಿಡ್ತೀನಿ ಅಂದ್ಲು. ನಾ ಚೇಷ್ಟಾ ಅನ್ಕೊಂಡೆ. ಹಂಗಾರ ನನಗ ಕೊಡ ಮಾರಾಯ್ತಿ, ನಾನ ಸಾಕ್ತೀನಿ ಅಂದೆ. ಅಕಿ ನಗಲಿಲ್ಲರಿ."

ಒಪ್ಪಿಸಿದ ಮೇಲೆ ಅವಳು ಎಲ್ಲಿಗೆ ಹೋಗುತ್ತಾಳೆ? ಹೆರಿಗೆಯ ನಂತರ ಕೆಲವು ತಾಯಂದಿರಿಗೆ ಕಾಡುವ ತೀವ್ರ ಖಿನ್ನತೆಗೆ ಪೋಸ್ಟ್‌ಪಾರ್ಟಮ್ ಡಿಪ್ರೆಶನ್ ಎನ್ನುತ್ತಾರೆ. ವಿದ್ಯಾರ್ಥಿನಿಯರಿಗೆ ಅದರ ಲಕ್ಷಣಗಳನ್ನು ಬಾಯಿಪಾಠ ಮಾಡಿಸಿದವಳು ನಾನು.

ಶರಣಪ್ಪನಿಗೆ ಫೋನು ಮಾಡಿದೆ. ಹಿಂದೆ ಟೈಲ್ಸ್ ಕೊಯ್ಯುವ ಸದ್ದು ನಿಂತಿತು. "ಅಕಿ ಇಲ್ಲಿಗೆ ಬಂದಿಲ್ರಿ," ಎಂದ. ಗೇಟಿನಲ್ಲೇ ಕಾಯಲು ಹೇಳಿದೆ. ಆಸ್ಪತ್ರೆಗೆ ಫೋನು ಮಾಡಿ ರೈಲ್ವೆ ಪೊಲೀಸರಿಗೆ ತಿಳಿಸಲು ಹೇಳಿ, ಸಿಕ್ಕಿದ ಸ್ಲೋ ಲೋಕಲ್ ರೈಲು ಹತ್ತಿದೆ.

ದಹಿಸರಿನಿಂದ ಪರೇಲಿನ ಪಕ್ಕದ ಪ್ರಭಾದೇವಿ ಸ್ಟೇಷನ್ನಿಗೆ ಒಂದು ಗಂಟೆ. ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತು ಪ್ರತಿ ಪ್ಲಾಟ್‌ಫಾರ್ಮ್ ನೋಡಿದೆ. ಹಸಿರು ಸೀರೆ ಕಂಡಾಗಲೆಲ್ಲ ಹೊರಗೆ ಬಾಗಿ ಮುಖ ಹುಡುಕುತ್ತಿದ್ದೆ. ಬಾಂದ್ರಾ ದಾಟಿದ ಮೇಲೆ ಗಾಡಿ ಸ್ಟೇಷನ್ನುಗಳ ನಡುವೆ ನಿಂತಿತು. ಯಾರಾದರೂ ಹಳಿಗೆ ಬಿದ್ದರೂ ಗಾಡಿ ಹೀಗೆ ನಿಲ್ಲುತ್ತದೆಂದು ಮುಂಬಯಿಯಲ್ಲಿ ಇದ್ದವರಿಗೆ ಗೊತ್ತು. "ಕ್ಯಾ ಹುವಾ?" ಎಂದು ಯಾರೋ ಕೇಳಿದರು. ನಾನು ಕಿವಿ ಮುಚ್ಚಿಕೊಂಡೆ. ಆರು ನಿಮಿಷದ ಮೇಲೆ ಗಾಡಿ ಹೊರಟಿತು.

ಅವಳು ಪ್ರಭಾದೇವಿಯ ಪ್ಲಾಟ್‌ಫಾರ್ಮಿನ ತೀರಾ ತುದಿಯಲ್ಲಿ, ಚಾವಣಿ ಮುಗಿಯುವ ಕಡೆ, ನೆಲದ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಮಗು ಅಲುಗಾಡುತ್ತಿರಲಿಲ್ಲ. ಅದರ ಮೂಗಿನ ಬಳಿ ಬೆರಳು ಹಿಡಿದೆ. ಪ್ಲಾಟ್‌ಫಾರ್ಮಿನ ಗಾಳಿಯಲ್ಲಿ ಉಸಿರು ತಿಳಿಯಲಿಲ್ಲ. ಅಂಗಾಲು ತಟ್ಟಿದೆ. ಮುಖ ಕಿವುಚಿ ಅತ್ತಿತು.

"ಬಿಲ್ಡಿಂಗ್ ಸಿಗಲಿಲ್ರಿ," ಎಂದಳು ಮಹಾದೇವಿ. "ಎಲ್ಲಾ ಒಂದ ನಮೂನಿ ಅದಾವ."

"ಮಗು ಕೊಟ್ಟು ನೀನೆಲ್ಲಿಗೆ ಹೋಗ್ತಿದ್ದೆ?"

ಅವಳು ಹಳಿಯ ಕಡೆ ನೋಡಿದಳು. ನಾನು ಅವಳಿಗೂ ಹಳಿಗೂ ನಡುವೆ ಸರಿದು ಕುಳಿತು, ಕಾರಿಡಾರಿನಲ್ಲಿ ಆಡಿದ ಮಾತನ್ನೆಲ್ಲ ಹೇಳಿದೆ. ಶರಣಪ್ಪ ಬಾರದಿದ್ದುದು ನನ್ನ ಆದೇಶದಿಂದ. ಕೆಲಸವಿದೆ ಎಂಬ ಸುಳ್ಳೂ ನನ್ನದೇ ಎಂದೆ.

ಅವಳು ನನ್ನ ಕಡೆ ತಿರುಗಿದಳು. "ನನಗೊಂದ ಮಾತ ಹೇಳಿದ್ರ ನಿಮ್ಮ ಗಂಟೇನ ಹೋಗ್ತಿತ್ತರಿ?"

ಅಲ್ಲಿಂದಲೇ ನಾನು ಫೋನು ಮಾಡಿದ ಐದು ನಿಮಿಷಕ್ಕೆ ಶರಣಪ್ಪ ಓಡಿ ಬಂದ. ಮೈಯೆಲ್ಲ ಧೂಳು. ಆರು ಅಡಿ ದೂರದಲ್ಲಿ ಗಕ್ಕನೆ ನಿಂತ. ಕಣ್ಣು ಹೆಂಡತಿಯ ಮೇಲೆ, ಮಾತು ನನ್ನೊಂದಿಗೆ. "ಹತ್ತಿರ ಬರಲೇನ್ರಿ, ಬಾಯಾರ?"

ಮಹಾದೇವಿಯೇ ಹೇಳಿದಳು: "ಅವರನ್ನೇನ ಕೇಳ್ತೀರಿ? ನನ್ನ ಕೇಳ್ರಿ."

ಅವನು ಕೇಳಲಿಲ್ಲ. ಪಕ್ಕದಲ್ಲಿ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತ.

ಅಂದೇ ಮನೋವೈದ್ಯರ ಬಳಿ ಕರೆದೊಯ್ದೆವು. ಔಷಧ, ಸಮಾಲೋಚನೆ ಎಂದು ಏಳು ತಿಂಗಳು ಹಿಡಿಯಿತು. ಶರಣಪ್ಪ ಸಂಜೆ ಬಂದು, ಸ್ನಾನ ಮಾಡಿ, ಮಾಸ್ಕ್ ಕಟ್ಟಿ ಮಗುವನ್ನು ಎತ್ತಿಕೊಳ್ಳುತ್ತಿದ್ದ. ಮೊದಲ ದಿನವೇ ನಾನು ಅಷ್ಟು ಹೇಳಿದ್ದರೆ ಸಾಕಿತ್ತು. ಚಿಕಿತ್ಸೆಯ ಮೊದಲ ವಾರಗಳಲ್ಲಿ ಅವಳು ಬಚ್ಚಲಿನಲ್ಲಿ ಸ್ವಲ್ಪ ಹೊತ್ತಾದರೂ ಅವನು ಬಾಗಿಲು ತಟ್ಟುತ್ತಿದ್ದನಂತೆ. ನನ್ನ ಫೋನು ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದುಕೊಂಡರೆ ನಾನೂ ಬೆಚ್ಚುತ್ತಿದ್ದೆ.

ಉಳಿದ ತಿಂಗಳುಗಳಲ್ಲಿ ಒಂದೇ ಒಂದು ಸೂಚನೆಯನ್ನೂ ಕಾರಿಡಾರಿನಲ್ಲಿ ಕೊಡಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಒಂದೇ ಮಂಚದ ಮೇಲೆ ಕೂರಿಸಿ, ಕಾರಣ ಸಹಿತ ಹೇಳಿ, ಅವರು ತಮ್ಮತಮ್ಮಲ್ಲಿ ಮಾತಾಡುವ ತನಕ ಕಾದೆ. ಮುಂದಿನ ಮನೆಗಳಿಗೆ ತಡವಾಗುತ್ತಿತ್ತು. ಮಗು ಬಂದ ಮನೆಯಲ್ಲಿ ಇಬ್ಬರಿಗೂ ಹೆದರಿಕೆ ಇರುತ್ತದೆ. ಅದನ್ನು ಒಬ್ಬರಿಂದೊಬ್ಬರು ಮುಚ್ಚಿಡುವಂತೆ ಮಾಡುವ ಹಕ್ಕು ನರ್ಸಿಗಿಲ್ಲ. ಮೂವತ್ತಾರು ವರ್ಷದ ಕೆಲಸದಲ್ಲಿ ನಾನು ಕೊನೆಗೆ ಕಲಿತದ್ದು ಇದು. ಅಂದು ನಾನು ಒಂದು ಲೋಕಲ್ ತಡವಾಗಿ ತಲುಪಿದ್ದರೆ, ಅದನ್ನು ಕಲಿತೂ ಪ್ರಯೋಜನವಿರುತ್ತಿರಲಿಲ್ಲ.