ಪ್ರಯಾಗಬಾಯಿ ಬಿಟ್ಟ ಪಾಠ

ನಮ್ಮ ಅತ್ತೆ ಪ್ರಯಾಗಬಾಯಿ ಯಾರ ಬಂಗಾರ ಕಂಡೂ ಹೊಟ್ಟೆ ಉರಿಸಿಕೊಂಡವರಲ್ಲ. ನೆರೆಮನೆಯವರು ಮಾಳಿಗೆ ಏರಿಸಿದಾಗ ತಾವೇ ಹೋಗಿ ಹೋಳಿಗೆ ಲಟ್ಟಿಸಿಕೊಟ್ಟು ಬಂದರು. ಅವರ ಹೊಟ್ಟೆಕಿಚ್ಚೆಲ್ಲ ಒಬ್ಬಳಿಗೇ ಮೀಸಲಾಗಿತ್ತು. ಆಕೆ ಅವರ ಕಾಕಾನ ಮಗಳು ಶೇವಂತಾಬಾಯಿ. ಇದು ನನ್ನ ಊಹೆಯಲ್ಲ. ನಾನು ಆಳಂದದಿಂದ ಸೊಸೆಯಾಗಿ ಉಮರ್ಗಾಕ್ಕೆ ಬಂದ ಮೇಲೆ, ಜೋಳ ಹಸನು ಮಾಡುತ್ತ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ಅತ್ತೆಯೇ ತುಂಡು ತುಂಡಾಗಿ ಹೇಳಿದ್ದು. ಅವರ ಬಾಯಲ್ಲಿ ಆಕೆ ಬರೀ ಶೇವಂತಾ. ಇಲ್ಲೂ ಹಾಗೆಯೇ ಕರೆಯುತ್ತೇನೆ.

ಇಬ್ಬರೂ ಹುಟ್ಟಿದ್ದು ಮುರುಮದ ಒಂದೇ ಮನೆಯಲ್ಲಿ. ಅತ್ತೆ ಎರಡು ವರ್ಷ ದೊಡ್ಡವರು. ಶೇವಂತಾಳ ಅಣ್ಣ ಗುರಣ್ಣ ಇಬ್ಬರಿಗಿಂತ ಹಿರಿಯ. ಹುಡುಗಿಯರ ಮರಾಠಿ ಶಾಲೆ ನಾಲ್ಕನೆಯ ಇಯತ್ತೆಗೆ ಮುಗಿಯುತ್ತಿತ್ತು. ಶೇವಂತಾ ಅಲ್ಲಿಗೇ ಪಾಟಿ ಮೂಲೆಗಿಟ್ಟಳು. ಅತ್ತೆ ಬಿಡಲಿಲ್ಲ. ಗುರಣ್ಣನ ಐದನೆಯ, ಆರನೆಯ, ಏಳನೆಯ ಪುಸ್ತಕಗಳನ್ನು ಅವನಿಗಿಂತ ಮೊದಲೇ ಓದಿ ಮುಗಿಸಿದರು. ಅವನ ಮನೆಲೆಕ್ಕಗಳನ್ನು ಮಾಡಿಕೊಡುತ್ತಿದ್ದವರು ಅವರೇ. ಗುರಣ್ಣ ಪರೀಕ್ಷೆ ಪಾಸಾದ. ಲೆಕ್ಕ ಮಾಡಿಕೊಟ್ಟ ಹುಡುಗಿಗೆ ಹದಿನಾಲ್ಕಕ್ಕೇ ಉಮರ್ಗಾದ ದೊಡ್ಡ ಮನೆಯಲ್ಲಿ ಮದುವೆಯಾಯಿತು.

ಮಾವ ವಿಶ್ವನಾಥಪ್ಪ ಎಂಟೆತ್ತಿನ ಒಕ್ಕಲುತನದವರು, ಸಿಟ್ಟು ಸೆಡವು ಇಲ್ಲದ ಮನುಷ್ಯ. ಬಳೆಗಾರ ಬಂದಾಗ ಅತ್ತೆ ಪಡಸಾಲೆಯ ಬಾಗಿಲಲ್ಲಿ ನಿಂತು, "ಎಂಟಾಣೆ ಬೇಕಾಗಿತ್ತರಿ" ಎಂದರೆ ರೂಪಾಯಿಯನ್ನೇ ಕೊಡುತ್ತಿದ್ದರು. ಒಮ್ಮೆಯೂ ಇಲ್ಲ ಎಂದವರಲ್ಲ. ಆದರೆ ಒಮ್ಮೆಯೂ ಕೇಳದೆ ಅತ್ತೆಯ ಕೈಗೆ ದುಡ್ಡು ಬಂದದ್ದೂ ಇಲ್ಲ. ಅದೊಂದು ಕೊರತೆ ಎಂದು ಅವರಿಗೆ ಆಗ ತಿಳಿದಿರಲಿಲ್ಲ.

ಶೇವಂತಾಳನ್ನು ನಿಲಂಗಾಕ್ಕೆ ಕೊಟ್ಟಿದ್ದರು. ಪೋಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಎರಡು ವರ್ಷಕ್ಕೆ ಗಂಡ ಜ್ವರ ಬಂದು ಹನ್ನೊಂದನೆಯ ದಿನ ತೀರಿಕೊಂಡ. ಮಕ್ಕಳಿರಲಿಲ್ಲ. ಇಪ್ಪತ್ತೆರಡರ ಹುಡುಗಿ ಮುರುಮಕ್ಕೆ ಮರಳಿ ಬಂದು ಅಣ್ಣನ ಮನೆಯಲ್ಲಿ ಕಸ ಮುಸುರೆ ಮಾಡಿಕೊಂಡು ಇದ್ದಳು. ಆಗ ಅತ್ತೆಗೆ ಆಕೆಯ ಮೇಲೆ ಬರೀ ಕನಿಕರ. ಹಬ್ಬಕ್ಕೆ ಕರೆಸಿ ಸೀರೆ ಉಡಿಸಿ ಕಳಿಸುತ್ತಿದ್ದರು. "ಕನಿಕರ ಪಡೋದು ಬಾಳ ಸುಖದ ಕೆಲಸ ನೋಡವಾ" ಎಂದು ಅವರು ನನಗೆ ಹೇಳಿದ್ದುಂಟು.

ಆ ವರ್ಷಗಳಲ್ಲಿ ಕಚೇರಿಗಳೆಲ್ಲ ತಲೆಕೆಳಗಾಗಿದ್ದವು. ಉರ್ದು ಬಲ್ಲವರ ಕುರ್ಚಿಗಳಲ್ಲಿ ಮರಾಠಿ ಬಲ್ಲವರು ಬೇಕಾಗಿದ್ದರು. ಏಳನೆಯ ಇಯತ್ತೆಗೆ ಜನ 'ಸಾತವಿ' ಎನ್ನುತ್ತಿದ್ದರು. ಸಾತವಿ ಪಾಸಾದ ಹುಡುಗರು ವರ್ಷದೊಳಗೆ ಊರಿನ ಲೆಕ್ಕ ಬರೆಯುವ ತಲಾಠಿ, ಗ್ರಾಮಸೇವಕ, ಮೋಟಾರಿನ ಕಂಡಕ್ಟರ್ ಆಗಿ ಹೋಗುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಬೇಕಾದವರು ಮಾಸ್ತರರು. ಊರೂರಿಗೆ ಶಾಲೆ ತೆರೆದಿದ್ದರು, ಕಲಿಸುವವರೇ ಇಲ್ಲ. ಹೆಣ್ಣುಮಕ್ಕಳಂತೂ ದುರ್ಬೀನು ಹಾಕಿ ಹುಡುಕಿದರೂ ಸಿಗುತ್ತಿರಲಿಲ್ಲ. ಐವತ್ಮೂರರಲ್ಲಿ ಶಾಲಾ ತಪಾಸಣೆಗೆ ಮುರುಮಕ್ಕೆ ಬಂದ ಸಾಹೇಬರು ಹೇಳಿದರಂತೆ: ಸಾತವಿ ಪಾಸಾದ ಹೆಣ್ಣುಮಗಳಿದ್ದರೆ ನೇರ ಎರಡು ವರ್ಷದ ಟ್ರೇನಿಂಗಿಗೆ ಕಳಿಸುತ್ತೇವೆ, ಅಲ್ಲಿ ಊಟಕ್ಕೆ ಸರ್ಕಾರವೇ ಕೊಡುತ್ತದೆ, ಮುಗಿದ ಮರುದಿನ ನೌಕರಿ.

ಗುರಣ್ಣ ತಂಗಿಯನ್ನು ಕರೆದುಕೊಂಡು ಉಮರ್ಗಾಕ್ಕೆ ಬಂದ. ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಶೇವಂತಾ ಪಕ್ಕದಲ್ಲಿ ಕೂತು ಹೇಳಿದಳು.

"ಅಕ್ಕಾ, ನಾ ಸಾತವಿಗೆ ಹೊರಗಿಂದ ಕೂಡಬೇಕಂತ ಮಾಡೀನಿ. ಪಾಸಾದ್ರ ನೌಕರಿ ಅಂತ. ನಲವತ್ತು ರೂಪಾಯಿ ಪಗಾರ, ಮ್ಯಾಲ ತುಟ್ಟಿಗಂತ ಮಹಾಗಾಯಿ ಬ್ಯಾರೆ. ಕಲ್ದಾರ ರೂಪಾಯಿ ಅಕ್ಕಾ, ನಿಜಾಮನ ಹಾಲಿ ನಾಣ್ಯ ಅಲ್ಲ."

"ನೀ? ಮಾಸ್ತರಬಾಯಿ?"

"ನನಗೇನ್ ಬರ್ತದ? ಆ ಮರಾಠಿ ಗಣಿತ ಓದಿದ್ರ ಕಣ್ಣಿಗೆ ಕತ್ತಲಿ ಬರ್ತದ. ನೀ ಕಲಿಸ್ತೀ ಅಂತೇ ಬಂದೀನಿ."

ರೊಟ್ಟಿ ಹೊತ್ತಿತು. ಅತ್ತೆ ಅದನ್ನು ತೆಗೆದು ಬದಿಗಿಟ್ಟು, "ಆತು, ಇರು" ಎಂದರು. ಆದರೆ ನಲವತ್ತು ಎನ್ನುವ ಮಾತು ಅವತ್ತಿನಿಂದ ಮುಳ್ಳಿನಂತೆ ಒಳಗೆ ಮುರಿದುಕೊಂಡು ಕೂತಿತು. ಮೂರು ಮಕ್ಕಳು, ಗಂಡ, ಹಟ್ಟಿ ತುಂಬ ದನ, ಎಲ್ಲ ಇದ್ದವರಿಗೆ ಏನೂ ಇಲ್ಲದವಳ ಮೇಲೆ ಹೊಟ್ಟೆಕಿಚ್ಚು. ಯಾರಿಗೆ ಹೇಳಿದರೂ ನಗುವ ಮಾತು.

ಶೇವಂತಾ ಐದು ತಿಂಗಳು ಉಳಿದಳು. ಬೆಳಗಿನ ಕೆಲಸ ಮುಗಿದ ಮೇಲೆ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂರುತ್ತಿದ್ದರು. ಅತ್ತೆ ಮರಾಠಿಯ ಲೆಕ್ಕವನ್ನು ಓದಿ, ಕನ್ನಡಕ್ಕೆ ತಿರುವಿ, ಮನೆಯ ಮಾತು ಮಾಡಿ ಹೇಳುತ್ತಿದ್ದರು. ಅಪೂರ್ಣಾಂಕಕ್ಕೆ ರೊಟ್ಟಿಯನ್ನೇ ಮುರಿದು ತೋರಿಸಿದರು. ಕಲಿಸುವುದರಲ್ಲಿ ಅವರಿಗೆ ಎಂಥ ಸುಖವಿತ್ತೆಂದರೆ, ಎಮ್ಮೆಯ ಕರು ಹಗ್ಗ ಬಿಚ್ಚಿಕೊಂಡು ಹಾಲೆಲ್ಲ ಕುಡಿದರೂ ಗಮನಕ್ಕೆ ಬರುತ್ತಿರಲಿಲ್ಲ. ಅದೇ ಅವರ ಸಂಕಟ. ಪಾಠ ಚೆನ್ನಾಗಿ ಹೇಳಿದಷ್ಟೂ, ಈ ಕೆಲಸ ನನ್ನದಾಗಬೇಕಿತ್ತು ಎನ್ನುವುದು ಸ್ಪಷ್ಟವಾಗುತ್ತಿತ್ತು. ಲೆಕ್ಕ ಹೊಳೆದು ಶೇವಂತಾ ನಕ್ಕಾಗ ಒಂದು ಗಳಿಗೆ ಖುಷಿ, ಮರುಗಳಿಗೆ ಉರಿ.

ಒಂದು ದಿನ ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದರು. ಅತ್ತೆ ಚಹಾದ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಾಗ ಮಾವ ಹೇಳುವುದು ಕೇಳಿಸಿತು.

"ನಮ್ಮ ನಾದಿನಿ ಮಾಸ್ತರಬಾಯಿ ಆಗ್ತಾಳರಿ. ನಮ್ಮ ಮನ್ಯಾಗೇ ಇದ್ದು ಅಭ್ಯಾಸ ಮಾಡ್ಲಿಕತ್ತಾಳ."

"ಕಲಸಾವರು ಯಾರು?" ಯಾರೋ ಕೇಳಿದರು.

"ಯಾರಿಲ್ಲ, ತಾನೇ ಓದಕೋತಾಳ. ಬಾಳ ಹುಷಾರ ಅದಾಳ."

ಮಾವ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹಿತ್ತಲಲ್ಲಿ ನಡೆಯುವುದನ್ನು ಅವರು ನೋಡಿಯೇ ಇರಲಿಲ್ಲ. ಅತ್ತೆ ಚಹಾ ಕೊಟ್ಟು ಹಿತ್ತಲಿಗೆ ಬಂದರು. ಶೇವಂತಾ ಪುಸ್ತಕದ ಹೊಸ ಪಾಠ ತೆರೆದು ಕೂತಿದ್ದಳು. ಮರಾಠಿಯಲ್ಲಿ ಅದಕ್ಕೆ 'ಕಾಳ-ಕಾಮ-ವೇಗ' ಎನ್ನುತ್ತಾರೆ. ಆರು ಆಳು ಒಂದು ಹೊಲದ ಕಸವನ್ನು ನಾಲ್ಕು ದಿನದಲ್ಲಿ ತೆಗೆದರೆ ಎಂಟು ಆಳು ಎಷ್ಟು ದಿನದಲ್ಲಿ ತೆಗೆದಾರು, ಅಂಥ ಲೆಕ್ಕಗಳು.

"ಇದು ಬ್ಯಾಡ" ಎಂದರು ಅತ್ತೆ. "ಈ ಪಾಠ ಪರೀಕ್ಷೆಗೆ ಬರಂಗಿಲ್ಲ. ಮುಂದಿಂದು ತಗಿ."

ಶೇವಂತಾ ಕೇಳಲೂ ಇಲ್ಲ. ಎಂಟು ಹಾಳೆ ತಿರುವಿದಳು.

ಪರೀಕ್ಷೆ ಉದಗೀರದಲ್ಲಿ. ಗುರಣ್ಣ ಕರೆದೊಯ್ದು ಕರೆತಂದ. ಬೇಸಿಗೆಯ ಕೊನೆಗೆ ಫಲಿತಾಂಶ ಬಂತು. ಎಲ್ಲ ವಿಷಯಗಳಲ್ಲಿ ಪಾಸು, ಗಣಿತದಲ್ಲಿ ಏಳು ಅಂಕ ಕಡಿಮೆ. ಶೇವಂತಾ ತಾನೇ ಮೋಟಾರು ಹತ್ತಿ ಉಮರ್ಗಾಕ್ಕೆ ಬಂದಳು.

"ನನ್ನ ತಲಿಯಾಗ ಬರೇ ಮಣ್ಣು ತುಂಬ್ಯಾದ ಅಕ್ಕಾ. ನೀ ಇಷ್ಟು ಕಲಿಸಿದಿ, ನಿನ್ನ ಹೆಸರು ಕೆಡಿಸಿದೆ. ಆ ಬಿಟ್ಟ ಪಾಠದಾಗಿನವೇ ಮೂರು ಲೆಕ್ಕ ಬಂದಿದ್ವು. ಬರಂಗಿಲ್ಲ ಅಂತ ಪಾಪ, ನಿನಗ ಯಾರ ಹೇಳಿದ್ರೋ."

ಈ ಜಾಗಕ್ಕೆ ಬಂದಾಗ ಅತ್ತೆ ಮೆಣಸಿನಕಾಯಿ ಬಿಡಿಸುವುದನ್ನು ನಿಲ್ಲಿಸಿದ್ದರು. "ಖರೇ ಹೇಳ್ತೀನಿ. ಮೊದಲ ನನಗ ಹಗುರಾತು. ನಾಪಾಸ ಅಂದಕೂಡ್ಲೆ ಎದಿ ಮ್ಯಾಲಿನ ಕಲ್ಲ ಇಳಿಸಿದ್ಹಾಂಗ ಆತು. ಅಂಜಿಕಿ ಬಂದಿದ್ದು ಆಮ್ಯಾಲ."

ಅಂಜಿಕೆಗೆ ಕಾರಣ ಗುರಣ್ಣ. ಓದು ಸಾಕು ಎಂದು ಅವನು ತಂಗಿಗೆ ಉಡಿಕೆಯ ಮರುಮದುವೆ ನೋಡತೊಡಗಿದ್ದ. ನಿಲಂಗಾದ ಕಡೆಯ ಗಂಡು, ಐವತ್ತರ ಹತ್ತಿರದ ವಯಸ್ಸು, ಮೊದಲ ಹೆಂಡತಿಯ ನಾಲ್ಕು ಮಕ್ಕಳು. ಶೇವಂತಾ ಒಲ್ಲೆ ಎಂದರೆ, "ಹಂಗಾದ್ರ ನಾಪಾಸ ಯಾಕ ಆದಿ?" ಎನ್ನುತ್ತಿದ್ದನಂತೆ. ಈ ಸುದ್ದಿ ಅತ್ತೆಗೆ ತಲುಪಿತು. ಮೂರನೆಯ ದಿನ, "ತವರಮನಿಗೆ ಹೋಗಿ ಬರ್ತೀನ್ರಿ" ಎಂದು ಮಾವನಿಗೆ ಹೇಳಿ ಮುರುಮಕ್ಕೆ ಹೋದರು. ಗುರಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ.

"ಅಣ್ಣಾ, ಇನ್ನೊಂದು ವರ್ಷ ತಡಿ. ತಪ್ಪು ಆಕಿದಲ್ಲ. ಆ ಪಾಠ ನಾನೇ ಬಿಟ್ಟಿದ್ದೆ."

"ಬಿಟ್ಟಿದ್ದಿ? ಯಾಕ, ಮರ್ತಿದ್ದೇನು?"

"ಹೂಂ."

ಗುರಣ್ಣ ಹಗ್ಗ ಕೆಳಗಿಟ್ಟ. "ನನ್ನ ಲೆಕ್ಕ ಎಲ್ಲಾ ಮಾಡಿ ಕೊಟ್ಟಾಕಿ ನೀ. ನೀ ಲೆಕ್ಕ ಮರಿಯಾಕಿ ಅಲ್ಲ ತಂಗಿ."

"ಮೂರು ಮಕ್ಕಳ ಹಡದೀನಿ ಅಣ್ಣಾ. ಮರ್ತೆ."

ಶೇವಂತಾ ನೀರಿನ ಚರಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಪರೀಕ್ಷೆಗೆ ಬರಂಗಿಲ್ಲ ಎಂದಿದ್ದವರು ಈಗ ಮರೆತೆ ಎನ್ನುವುದನ್ನು ಕೇಳಿ, ಅತ್ತೆಯ ಮುಖವನ್ನು ಒಂದು ಸಲ ನೋಡಿ, ನೀರು ಕೊಟ್ಟು, ಒಳಗೆ ಹೋದಳು. ಆಕೆಗೆ ಅವತ್ತು ಏನು ಹೊಳೆಯಿತೋ, ಹೊಳೆಯಲಿಲ್ಲವೋ, ಯಾರಿಗೂ ಗೊತ್ತಾಗಲಿಲ್ಲ. ಗುರಣ್ಣ ಒಂದು ವರ್ಷ ತಡೆಯಲು ಒಪ್ಪಿದ.

ಎರಡನೆಯ ಸಲ ಅತ್ತೆ ಆ ಪಾಠದಿಂದಲೇ ಶುರು ಮಾಡಿದರು. ಈ ಸಲ ಒಂದು ಹಾಳೆಯನ್ನೂ ಬಿಡಲಿಲ್ಲ. ಶೇವಂತಾ ಪಾಸಾದಳು, ಟ್ರೇನಿಂಗಿಗೆ ಹೋದಳು. ಆಕೆ ಅಲ್ಲಿರುವಾಗಲೇ ಹೈದರಾಬಾದ್ ರಾಜ್ಯ ಒಡೆದು ನಮ್ಮ ಸೀಮೆ ಮುಂಬಯಿ ರಾಜ್ಯಕ್ಕೆ ಸೇರಿತು. ಐವತ್ತೇಳರಲ್ಲಿ ತುರೋರಿಯ ಶಾಲೆಗೆ ನೇಮಕವಾಯಿತು.

ಅತ್ತೆಯ ಕಷ್ಟ ಶುರುವಾದದ್ದೇ ಆಗ. ಸುತ್ತಿನ ಮಾಸ್ತರರೆಲ್ಲ ಪಗಾರ ಪಡೆಯಲು ತಿಂಗಳಿಗೊಮ್ಮೆ ಉಮರ್ಗಾಕ್ಕೇ ಬರಬೇಕು. ಪ್ರತಿ ತಿಂಗಳ ಮೊದಲ ವಾರ ಶೇವಂತಾ ಕರಿ ಛತ್ರಿ ಹಿಡಿದು, ಕಾಲಿಗೆ ಚಪ್ಪಲಿ ಮೆಟ್ಟಿ, ಮೋಟಾರಿನಿಂದ ಇಳಿದು ಕಚೇರಿಗೆ ಹೋಗಿ, ಅಲ್ಲಿಂದ ನೇರ ಅಕ್ಕನ ಮನೆಗೆ. ಮಕ್ಕಳಿಗೆ ಪೇಢೆ. ನಲವತ್ತರ ಮೇಲೆ ಮಹಾಗಾಯಿ ಸೇರಿ ಅರವತ್ತೆರಡು ಕೈಗೆ ಬರುತ್ತಿತ್ತು. ಗುರಣ್ಣ ಈಗ ಆಕೆ ಬಂದರೆ ಎದ್ದು ನಿಂತು ಮಾತಾಡುತ್ತಿದ್ದನಂತೆ.

"ಹ್ಯಾಂಗ ಕೊಡ್ತಾರ?" ಎಂದು ಅತ್ತೆ ಒಮ್ಮೆ ಕೇಳಿದರು.

"ರೆವೆನ್ಯೂ ತಿಕೀಟ ಹಚ್ಚಿದ ಕಾಗದದ ಮ್ಯಾಲ ಸಹಿ ಮಾಡ್ಬೇಕು. ಆಮ್ಯಾಲ ಎಣಿಸಿ ಕೊಡ್ತಾರ."

ಆಕೆ ಹೋದ ಮೇಲೆ ಅತ್ತೆ ಮಕ್ಕಳ ಪಾಟಿಯ ಮೇಲೆ ತಮ್ಮ ಸಹಿ ಮಾಡಿ ನೋಡಿದರು. ಚೆನ್ನಾಗಿಯೇ ಬಂತು. ಸೆರಗಿನಿಂದ ಒರೆಸಿದರು.

ಒಂದು ತಿಂಗಳು ಶೇವಂತಾ ತಾನಾಗಿಯೇ ಹೇಳಿದಳು: "ಅಕ್ಕಾ, ನೀನೂ ಸಾತವಿಗೆ ಕೂಡು. ಅರ್ಜಿ ನಾ ತುಂಬ್ತೀನಿ. ಮಾಮಾಗ ನಾ ಕೇಳ್ತೀನಿ."

"ಗಂಡ ಸತ್ತಾಕಿಗೆ ಪಗಾರ ಬೇಕು. ನನಗ್ಯಾಕ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅತ್ತೆಗೇ ಕೇಳಿಸಿದ್ದು. ಶೇವಂತಾ ಚಹಾದ ಕಪ್ಪು ಕೆಳಗಿಟ್ಟು, ಛತ್ರಿ ಎತ್ತಿಕೊಂಡು ಹೋದಳು. ಮೂರು ತಿಂಗಳು ಉಮರ್ಗಾಕ್ಕೆ ಬಂದರೂ ಮನೆಗೆ ಬರಲಿಲ್ಲ. ಅತ್ತೆ ಆ ದಿನಗಳಲ್ಲಿ ಮಾಳಿಗೆಯ ಮೇಲೆ ನಿಂತು ರಸ್ತೆ ನೋಡುತ್ತಿದ್ದರು. ಕೊನೆಗೆ ತಾವೇ ತುರೋರಿಗೆ ಹೋದರು. ತಪ್ಪಾಯಿತು ಎನ್ನಲಿಲ್ಲ. "ಆ ಅರ್ಜಿ ತುಂಬ್ತೀನಿ ಅಂದಿದ್ದಿಯಲ್ಲ, ತುಂಬು" ಎಂದರು. ಶೇವಂತಾ ಏನೂ ಆಗೇ ಇಲ್ಲವೆಂಬಂತೆ ಮಸಿಕುಡಿಕೆ ತೆಗೆದಳು.

ಪರೀಕ್ಷೆಯ ಮಾತು ಕೇಳಿ ಮಾವ ನಕ್ಕರು. "ನಿನಗೇನ್ ಕಡಿಮಿ ಮಾಡೀನಿ?"

"ನೀವು ಕಡಿಮಿ ಮಾಡಿಲ್ಲರಿ. ಪರೀಕ್ಷೆಗೆ ಕೂಡ್ತೀನಿ, ಅಷ್ಟೇ."

ಐವತ್ತೊಂಬತ್ತರಲ್ಲಿ ಅತ್ತೆ ಮೂವತ್ಮೂರನೆಯ ವಯಸ್ಸಿಗೆ, ತಮ್ಮ ಮಗಳ ಓರಗೆಯ ಹುಡುಗಿಯರ ನಡುವೆ ಕೂತು ಸಾತವಿ ಬರೆದರು. ಗಣಿತದಲ್ಲಿ ಎಂಬತ್ತೊಂಬತ್ತು. "ಆಕಿಗೆ ಎರಡನೇ ಸಲಕ್ಕೂ ಐವತ್ಮೂರೇ ಬಿದ್ದಿದ್ವು" ಎಂದು ನನಗೆ ಕಡಿಮೆಯೆಂದರೆ ಇಪ್ಪತ್ತು ಸಲ ಹೇಳಿದ್ದಾರೆ. ಟ್ರೇನಿಂಗಿಗೆ ಅರ್ಜಿ ಹೋಯಿತು. ಒಂದೇ ಸಾಲಿನ ಉತ್ತರ ಬಂತು: ಮೂವತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ.

ಕಾಗದ ಓದಿದವಳು ಶೇವಂತಾ. ಓದುತ್ತ ಅತ್ತವಳೂ ಆಕೆಯೇ. ಅತ್ತೆಗೆ ಆ ಅಳುವನ್ನು ಕಂಡು ಇನ್ನಷ್ಟು ಸಿಟ್ಟು ಬಂತು. ತನ್ನ ದುಃಖವನ್ನೂ ಇವಳೇ ತೆಗೆದುಕೊಂಡಳಲ್ಲ ಎಂದು.

"ಆ ಪಾಠ ಬೇಕಂತ್ಲೇ ಬಿಟ್ಟಿದ್ದು ಅವರಿಗೆ ಯಾವತ್ತೂ ಹೇಳಲಿಲ್ಲೇನ್ರಿ ಅತ್ತಿ?" ಎಂದು ನಾನು ಕೇಳಿದೆ.

"ಯಾತಕ್ಕ ಹೇಳ್ಲಿ? ಹೇಳಿದ್ರ ಕ್ಷಮಾ ಮಾಡ್ತಿದ್ಲು. ಅದೂ ಆಕಿದೇ ದೊಡ್ಡತನ ಆಗ್ತಿತ್ತು."

ಮರುವರ್ಷ ಮಹಾರಾಷ್ಟ್ರ ರಾಜ್ಯವಾಯಿತು. ಆ ಜೂನಿನಲ್ಲಿ ಅತ್ತೆ ಹಿತ್ತಲ ಕಟ್ಟೆಯ ಮೇಲೆ ಸಾತವಿಗೆ ಕೂರುವ ಹುಡುಗಿಯರಿಗೆ ಗಣಿತ ಹೇಳಲು ಶುರು ಮಾಡಿದರು. ತಲೆಗೆ ತಿಂಗಳಿಗೊಂದು ರೂಪಾಯಿ. ಮಾವ ಮುಜುಗರಪಟ್ಟು, "ಜನ ಏನಂದಾರು? ಪುಕ್ಕಟ ಕಲಿಸು, ಪುಣ್ಯ ಬರ್ತದ" ಎಂದರು.

"ನನಗ ಪುಣ್ಯ ಬ್ಯಾಡರಿ, ಪಗಾರ ಬೇಕು" ಎಂದರು ಅತ್ತೆ.

ಮೊದಲ ವರ್ಷ ಹನ್ನೊಂದು ಹುಡುಗಿಯರು ಬಂದರು. ಅವರಲ್ಲಿ ಇಬ್ಬರನ್ನು ತುರೋರಿಯಿಂದ ಶೇವಂತಾಳೇ ಕಳಿಸಿದ್ದಳು, ಫೀಯನ್ನೂ ತನ್ನ ಪಗಾರದಿಂದಲೇ ಕೊಡುತ್ತಿದ್ದಳು. ಅತ್ತೆ ಆ ಇಬ್ಬರಿಗೆ ಮಾತ್ರ ಒಂದೂವರೆ ರೂಪಾಯಿ ಮಾಡಿದರು.