ನವಮಿಯ ನೀರು

ಮೀನಿನ ಅಂಗಡಿಯವನನ್ನು ಅಮಾವಾಸ್ಯೆ ನುಂಗಿತು ಅಂತ ನವನಗರದ ನಮ್ಮ ಓಣಿಯವರು ಈಗಲೂ ಹೇಳುತ್ತಾರೆ. ಸುಳ್ಳು. ಅಮಾವಾಸ್ಯೆಗೆ ಹೋಗಿದ್ದರೆ ಬದುಕಿರುತ್ತಿದ್ದ. ನವಮಿಗೆ ಹೋದ, ಸತ್ತ.

ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ಕೂತಿದ್ದಾಗ ಮೂಲೆಯ ಗಾಜಿನ ತೊಟ್ಟಿಯಿಂದ ಉಪ್ಪುನೀರಿನ ವಾಸನೆ ಬಂತು. ಹಸಿ ಹಸಿ, ಸ್ವಲ್ಪ ಕೊಳೆತ ಹಾಗೆ... ವರ್ಷಗಟ್ಟಲೆ ನಮ್ಮ ಮುಂದಿನ ಖೋಲಿ ಇದೇ ವಾಸನೆ ಹೊಡೆಯುತ್ತಿತ್ತು. ಅಲ್ಲಿ ಅವನ ಅಂಗಡಿ. ನಾವು ಲಿಂಗ ಕಟ್ಟಿದವರು, ಮೀನು ಮುಟ್ಟದವರು. "ತಿನ್ನಾಕಲ್ರಿ ಅಕ್ಕಾರ, ನೋಡಾಕ" ಅಂತ ಹೇಳಿ ಖೋಲಿ ಬಾಡಿಗೆ ಹಿಡಿದಿದ್ದ.

ಅಮಾವಾಸ್ಯೆ, ಹುಣ್ಣಿಮೆ ಬಂತೆಂದರೆ ಡಬ್ಬಿ, ಬಕೀಟು ಕಟ್ಟಿಕೊಂಡು ಕಾರವಾರದ ಕಡೆ ಹೊರಡುತ್ತಿದ್ದ. ಆ ದಿನಗಳಲ್ಲಿ ಸಮುದ್ರ ಬಹಳ ಹಿಂದೆ ಸರಿದು, ಒಳಗಿನ ಕಲ್ಲೆಲ್ಲ ಹೊರಗೆ ಕಾಣುತ್ತಿತ್ತಂತೆ. ಕಲ್ಲಿನ ಕುಣಿಗಳಲ್ಲಿ ಉಳಿದ ಪಟ್ಟೆಮೀನು, ಶಂಖದೊಳಗೆ ಕೂರುವ ಏಡಿ, ಹೂವಿನ ಹಾಗೆ ಬಾಯಿ ತೆರೆಯುವ ಜೀವ, ಎಲ್ಲ ಹಿಡಿದು ತರುತ್ತಿದ್ದ. ಮುಸಲ್ಮಾನರ ಮನೆಯವನಾದರೂ ಅಮಾವಾಸ್ಯೆ ಯಾವತ್ತು ಅಂತ ನಾನೇ ಅವನನ್ನು ಕೇಳುತ್ತಿದ್ದೆ. ಹಿಡಿದು ತಂದ ಜೀವಗಳಲ್ಲಿ ಅರ್ಧ ಘಾಟಿ ಹತ್ತುವುದರೊಳಗೆ ಸತ್ತಿರುತ್ತಿದ್ದವು. ಸತ್ತವನ್ನು ನಮ್ಮ ಹಿತ್ತಲಲ್ಲಿ ಹುಗಿಯುತ್ತಿದ್ದ.

"ಅಲ್ಲಿ ಸುಖದಾಗ ಇದ್ದವನ್ನ ಇಲ್ಲಿ ತಂದು ಮಣ್ಣು ಮಾಡ್ತೀಯಲ್ಲೋ" ಅಂತ ಬೈದಿದ್ದೆ.

"ನನಗೂ ಸಂಕಟ ಆಕೈತ್ರಿ ಅಕ್ಕಾರ. ಆದ್ರ ನನಗ ಬ್ಯಾರೆ ಏನ್ ಬರತೈತಿ ಹೇಳ್ರಿ?"

ಒಂದು ದಿನ ರಾಯಾಪುರದಲ್ಲಿ ಮನೆ ಕಟ್ಟಿಸಿದ ಅರಳೆ ಸಾಹುಕಾರರು ಬಂದರು. ಪಡಸಾಲೆಯ ಗೋಡೆ ತುಂಬ ಸಮುದ್ರದ ತೊಟ್ಟಿ ಬೇಕು, ದಶಮಿಗೆ ಗೃಹಪ್ರವೇಶ. ನನಗೂ ಬರಲು ಹೇಳಿದರು.

"ಈ ಅಮಾಸಿಗೆ ಹೋಗಿ ಹಿಡಕೊಂಡು ಬಂದು, ಅಲ್ಲಿತನಕ ಇಲ್ಲೇ ಜ್ವಾಪಾನ ಮಾಡ್ತೇನ್ರಿ" ಅಂದ ಇವನು.

"ಅಮಾಸಿಗೆ ಹಿಡದಿದ್ದು ಹೊಸ ಮನಿಗೆ ಬ್ಯಾಡಪಾ. ಅದು ಕಳೀಲಿ. ಮುಹೂರ್ತದ ಹಿಂದಿನ ದಿನ ಹಿಡದು ತಾಜಾ ತಾ."

"ಕಳದ್ರ ನೀರು ಸರಿಯಂಗಿಲ್ರಿ ಸಾಹುಕಾರ್ರ. ಹಂಗಾರ ಹುಣ್ಣಿವಿ ತನಕ ತಡೀರಿ."

"ನಿನ್ನ ನೀರಿನ ಸಲುವಾಗಿ ಮುಹೂರ್ತ ನಿಲ್ತೈತೇನು? ಒಲ್ಲೆಂದ್ರ ಹೇಳು, ಬೆಳಗಾವಿಯವರು ಅದಾರ."

ಅವನು ನನ್ನ ಕಡೆ ನೋಡಿದ. "ಒಲ್ಲೆ ಅನ್ನೋ" ಅಂದೆ. ಅನ್ನಲಿಲ್ಲ. ಅಷ್ಟು ದೊಡ್ಡ ತೊಟ್ಟಿ ಕಟ್ಟುವ ಆಸೆ ಅವನಿಗೆ.

ನವಮಿ ದಿನ ನೀರು ಸರಿಯದೆ ಸೊಂಟಮಟ್ಟ ನಿಂತಿತ್ತಂತೆ. ಕಾಣದ ಕಲ್ಲಿನ ಮೇಲೆ ಕೈಯಾಡಿಸುತ್ತ ಮುಂದೆ ಹೋಗಿದ್ದಾನೆ, ತೆರೆ ಕಾಲು ಕಿತ್ತಿದೆ. ಅಲ್ಲಿಯ ಮೀನುಗಾರರು ದಂಡೆಗೆ ಎಳೆದು ತಂದಾಗ ಉಸಿರಿರಲಿಲ್ಲ... ಸಂಜೆ ಸುದ್ದಿ ಬಂತು. ದೀಪ ಹಚ್ಚುವುದರೊಳಗೆ ಓಣಿಯವರ ಬಾಯಲ್ಲಿ ನವಮಿ ಹೋಗಿ ಅಮಾವಾಸ್ಯೆಯಾಗಿತ್ತು. ಹೊತ್ತು ಗೊತ್ತಿಲ್ಲದೆ ಅಡ್ಡಾಡುತ್ತಿದ್ದ, ಹಿಡಿಯಿತು ಅಂದರು.

ಈಗ ಆ ಖೋಲಿಯಲ್ಲಿ ಮೊಬೈಲ್ ಅಂಗಡಿ ಇದೆ. ಶಿರಗುಪ್ಪಿಯ ತವರಿಗೆ ಹೋದ ಅವನ ಹೆಂಡತಿ ಮತ್ತೆ ಈ ಕಡೆ ಬರಲಿಲ್ಲ. ಅಮಾವಾಸ್ಯೆ ಯಾವತ್ತು ಅಂತ ಕೇಳಲು ನನಗೂ ಮನುಷ್ಯನಿಲ್ಲ. ಮೊಮ್ಮಗಳು ಫೋನು ನೋಡಿ ಹೇಳುತ್ತಾಳೆ.

ಸುದ್ದಿ ಬಂದ ಮರುದಿನ ಬೆಳಗ್ಗೆ ನಾನು ರಾಯಾಪುರದ ಗೃಹಪ್ರವೇಶಕ್ಕೆ ಹೋದೆ. ಮನೆ ತುಂಬ ಮಂದಿ. ಖಾಲಿ ತೊಟ್ಟಿಗೆ ಹೂವಿನ ಮಾಲೆ ಬಿಟ್ಟಿದ್ದರು.

"ಸಾಹುಕಾರ್ರ, ನಿನ್ನಿ ಯಾವ ತಿಥಿರಿ?"

"ನವಮಿ. ಯಾಕ್ರಿ ಅಕ್ಕಾರ?"

"ಸ್ವಲ್ಪ ಗಟ್ಟ್ಯಾಗಿ ಹೇಳ್ರಿ. ಮಂದಿಗೆ ಕೇಳವಲ್ದು."

ಸಾಹುಕಾರರು ಒಳಗೆ ತಿರುಗಿ ಹೆಂಡತಿಯನ್ನು ಕರೆದರು. ಆಕೆ ಕುಂಕುಮದ ಬಟ್ಟಲು ಹಿಡಿದು ಬಂದಳು. ನಾನು ಹಣೆ ಒಡ್ಡದೆ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.